ಜಿಂಜರ್‌ಬ್ರೆಡ್ ಗಿಳಿ

ಜೂನ್ ೧೮, ಬುಧವಾರ. ಪಿಯಾರಾ ವಾಟರ್ಸ್, ಆಸ್ಟ್ರೇಲಿಯಾ.

ಗಿಳಿಯ ಕತ್ತು ಮುರಿದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಶನಿವಾರ ಪರ್ತ್ ಸಿಟಿಗೆ ಹೋದಾಗ ನಾನೂ ಮೊಮ್ಮಗಳು ಗಾನವಿಯೂ ಇಲ್ಲಿಯ ಜೂನ್ ಚಳಿಯಲ್ಲಿ ನಿಂತು ಜಿಂಜರ್‌ಬ್ರೆಡ್ ಎಂಬ ಶುಂಠಿ ಬಿಸ್ಕತ್ತು ತಿಂದೆವು. ಮೊಟ್ಟೆ ಇಲ್ಲವೆಂದು ಎರಡು ಸಲ ಕೇಳಿಸಿಯೇ ಬಾಯಿಗಿಟ್ಟೆ. ಒಣಶುಂಠಿ, ಲವಂಗ, ಬೆಲ್ಲದಂಥ ಪಾಕ. ನಮ್ಮ ಬಾಣಂತಿಯರ ಮದ್ದನ್ನೇ ಇವರು ಬೊಂಬೆ ಮಾಡಿ ಮಾರುತ್ತಾರೆ! "ಇದನ್ನ ನಾನೇ ಮಾಡ್ತೀನಿ ಕಣೇ" ಅಂದುಬಿಟ್ಟೆ. ಅವಳೋ, ಶುಕ್ರವಾರ ಅಜ್ಜಿ ಮಾಡಿದ್ದನ್ನೇ ತರುತ್ತೇನೆಂದು ಶಾಲೆಗೆಲ್ಲ ಸಾರಿಬಿಟ್ಟಿದ್ದಾಳೆ.

ಇವತ್ತು ಹಿಟ್ಟು ಕಲಸಿ, ಗಿಳಿ ಕೆತ್ತಿದ, ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆ ತೆಗೆದೆ. ಸಕ್ಕರೆ ಪಾಕ ಹುಯ್ಯುವ ಅಭ್ಯಾಸದಲ್ಲಿ ಅದನ್ನು ನೀರಲ್ಲಿ ನೆನೆಸಿದೆ. ಹಿಟ್ಟು ಅಂಟಿಕೊಂಡಿತು. ಕೊಡವಿದರೆ ಗಿಳಿಯ ಮೈ ಬಂತು, ತಲೆ ಅಚ್ಚಿನಲ್ಲೇ ಉಳಿಯಿತು.

"ಅಜ್ಜಿ, ಪೂರ್ ಬರ್ಡ್!" ಎಂದು ಗಾನವಿ ನಕ್ಕಳು. ನಕ್ಕ ಮೇಲೆ ಮುಖ ಸಣ್ಣದಾಯಿತು. ಅದೇ ಚುಚ್ಚುತ್ತಿದೆ.

ಸೊಸೆ ಮೈಥಿಲಿ, "ಬಿಡಿ ಅತ್ತೆ, ಅಂಗಡೀಲಿ ಪ್ಯಾಕೆಟ್ ಸಿಗತ್ತೆ, ತಂದ್ಬಿಡ್ತೀನಿ" ಅಂದಳು.

"ಪ್ಯಾಕೆಟ್ಟಲ್ಲಿ ಅಜ್ಜೀನೂ ಹಾಕಿ ಕೊಡ್ತಾರೇನಮ್ಮಾ?" ಅಂದೆ.

ಅಚ್ಚನ್ನು ಒರೆಸಿ ಹೀಟರ್ ಎದುರು ಒಣಗಲು ಇಟ್ಟಿದ್ದೇನೆ. ನಾಳೆ ಒಣಹಿಟ್ಟು ಉದುರಿಸಿ ಒತ್ತುತ್ತೇನೆ. ಮುರಿದರೆ ಮತ್ತೆ ಒತ್ತುತ್ತೇನೆ. ಕತ್ತಿನ ಸಮೇತ ಗಿಳಿ ಬರುವವರೆಗೆ ಅಡುಗೆಮನೆ ನನ್ನದು; ಹಸಿವಾದವರು ಹೊರಗಿನಿಂದ ತರಿಸಿಕೊಂಡು ಉಣ್ಣಲಿ. ಶುಕ್ರವಾರ ಆ ಮಗು ತಲೆ ತಗ್ಗಿಸಿ ಶಾಲೆಗೆ ಹೋಗಕೂಡದು.

ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಇನ್ನೊಂದಿಷ್ಟು ಶುಂಠಿ ಕುಟ್ಟಿ...