ನಾನು ಸೋಸಿ ಕೊಟ್ಟ ಕೆರೆ ನೀರು

ಕೆರೆ ಅಧ್ಯಯನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ದೇಶದಲ್ಲಿ ಕೆರೆ ವಿಜ್ಞಾನಕ್ಕೆ ಅಡಿಗಲ್ಲು ಹಾಕಿದವನು ನಾನೇ. ಏಳನೇ ಕ್ಲಾಸಿನ ಮೇಲೆ ಓದಲು ಏನೂ ಉಳಿದಿರಲಿಲ್ಲ, ಬಿಟ್ಟೆ. ಅಂಥವನು ಹೇಳುತ್ತಿದ್ದೇನೆ: ವರ್ತೂರು ಕಡೆಯ ನಮ್ಮೂರ ಕೆರೆ ‘ಮೀನು ಸಾಕಣೆಗೆ ಯೋಗ್ಯ’ ಎಂದು ನೀವು ಕೊಟ್ಟ ವರದಿಯನ್ನು ವಾಪಸ್ ಪಡೆಯಿರಿ. ಅದನ್ನು ತೋರಿಸಿಯೇ ಸರ್ಕಾರದವರು ಇಲ್ಲಿಗೆ ಬರಬೇಕಿದ್ದ ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನು ಕೈಬಿಟ್ಟಿದ್ದಾರೆ. ನೀವು ಪರೀಕ್ಷೆ ಮಾಡಿದ್ದು ಕೆರೆಯನ್ನಲ್ಲ, ನನ್ನ ಕೈಚಳಕವನ್ನು.

ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಅಳಿವೆಯೊಂದನ್ನು ಅಳೆದು ಬಂದ ನಿಮ್ಮ ತಂಡ, ವಾರಕ್ಕೆ ಮೂರು ಬಾಟಲಿ ಕೆರೆ ನೀರು ತುಂಬಿಸಿಡುವ ಕೆಲಸವನ್ನು ನನಗೊಪ್ಪಿಸಿ ಏಸಿ ಕಾರು ಹತ್ತಿತು. ಅವರ ಮೂಗಿಗೆ ಅಷ್ಟು ವಾಸನೆಯೇ ಸಾಕಾಗಿತ್ತು, ಪಾಪ. ಆದರೆ ನಮ್ಮಲ್ಲಿ ಬಂದವರಿಗೆ ನೀರನ್ನು ಹಾಗೇ ಕೊಡುವುದುಂಟೇ? ಪಟಿಕ ಆಡಿಸಿ ತಿಳಿ ಮಾಡಿದೆ, ಪಂಚೆಯಲ್ಲಿ ಎರಡು ಸಲ ಸೋಸಿದೆ. ಆದರೂ ವಾಸನೆ ಹೋಗಲಿಲ್ಲ, ಮುಕ್ಕಾಲು ಪಾಲು ಮನೆಯ ಬೋರ್‌ವೆಲ್ ನೀರು ಬೆರೆಸಿದೆ.

‘‘ಅವರೇನು ಕುಡಿಯಕ್ಕೆ ತಗೊಂಡೋಗ್ತಾರಾ?’’ ಅಂದಳು ಹೆಂಡತಿ ನಾಗಲಕ್ಷ್ಮಮ್ಮ.

‘‘ಊರಿನ ಮರ್ಯಾದೆ ಕಣೇ, ಸುಮ್ಕಿರು.’’

ನಿಮ್ಮ ಫಾರಂ ಕೂಡ ಅಳಿವೆಯದೇ. ‘ಉಬ್ಬರದ ಸಮಯ’ ಎಂದು ಕೇಳಿತ್ತು. ‘ಬೆಳಿಗ್ಗೆ ಏಳರಿಂದ ಒಂಬತ್ತು, ಅಪಾರ್ಟ್‌ಮೆಂಟಿನವರ ಬಚ್ಚಲು ನೀರು ಬಂದು ಬೀಳುವ ಹೊತ್ತು’ ಎಂದು ತುಂಬಿದೆ. ಇಡೀ ಅಧ್ಯಯನದಲ್ಲಿ ನಾನು ಬರೆದ ನಿಜ ಅದೊಂದೇ. ಅದನ್ನೇ ನಿಮ್ಮವರು ಹೊಡೆದುಹಾಕಿ ‘ಅನ್ವಯಿಸುವುದಿಲ್ಲ’ ಎಂದರು. ವಿಜ್ಞಾನ ಅಂದರೆ ಇದೇನಾ ಸ್ವಾಮಿ?

ಇನ್ನು ನನ್ನ ಬುದ್ಧಿವಂತಿಕೆ ಕೇಳಿ. ವರದಿ ಬಂತು, ಸೀಲು, ಗ್ರಾಫು, ಬಣ್ಣದ ಪುಟ. ಬಾಟಲಿಯಲ್ಲಿ ಏನಿತ್ತೆಂದು ಭೂಮಿಯ ಮೇಲೆ ಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬ ನಾನು. ಆ ನಾನೇ ವರದಿ ನಂಬಿಬಿಟ್ಟೆ! ಇಂಗ್ಲಿಷಿನಲ್ಲಿತ್ತಲ್ಲ. ಹರಾಜಿನಲ್ಲಿ ಮೀನು ಗುತ್ತಿಗೆ ಹಿಡಿದು ಮರಿ ಬಿಟ್ಟೆ. ಎಂಟನೇ ದಿನ ನಮ್ಮ ಬಾಡಿಗೆ ಮನೆಯ ಮುದಕಪ್ಪ, ಬಾದಾಮಿ ಕಡೆಯವನು, ಓಡಿಬಂದ.

‘‘ಮಾಲಕ್ರ, ಮೀನಾ ಎಲ್ಲಾ ಮ್ಯಾಲ ಬಂದಾವ್ರಿ!’’

‘‘ಇಷ್ಟು ಬೇಗ ಬೆಳೆದ್ಬಿಟ್ವಾ?’’

‘‘ಇಲ್ರಿ, ಹೊಟ್ಟಿ ಮ್ಯಾಲ ಮಾಡ್ಯಾವ್ರಿ.’’

ಆದ್ದರಿಂದ ಈ ಸಲ ನೀವೇ ಬನ್ನಿ. ಪ್ಯಾಂಟು ಮಡಚಿ, ನಿಮ್ಮ ಕೈಯಿಂದಲೇ ಬಾಟಲಿ ಮುಳುಗಿಸಿ. ಘಟಕ ಬೇಕೇ ಬೇಕೆಂದು ಹೊಸ ವರದಿ ಬರೆಯಿರಿ. ಇಲ್ಲದಿದ್ದರೆ ನನ್ನ ಬೋರ್‌ವೆಲ್ಲಿಗೂ ಆ ಕೊಳಚೆ ಇಳಿಯುತ್ತದೆ, ಆಮೇಲೆ ಬೆರೆಸಲು ಒಳ್ಳೆ ನೀರೇ ಇರುವುದಿಲ್ಲ. ಇವನ ಮಾತಿಗೆ ಪುರಾವೆ ಏನು ಅನ್ನುತ್ತೀರಿ, ಗೊತ್ತು. ನನ್ನ ನಷ್ಟವೇ ಪುರಾವೆ. ಮೀನಿನಲ್ಲಿ ಐದು ಸಾವಿರ ಕಳಕೊಂಡೆ ಎಂದು ಊರವರ ಮುಂದೆ ಹೇಳಿದ್ದೇನೆ, ಮನೆಯಲ್ಲಿ ಹದಿನೈದು. ನಿಮಗೊಬ್ಬರಿಗೆ ನಿಜ ಹೇಳುತ್ತೇನೆ, ಅದೂ ಈ ಬಹಿರಂಗ ಪತ್ರದಲ್ಲಿ.

ಇಂತಿ,
ಒಂದು ಲಕ್ಷ ಹನ್ನೆರಡು ಸಾವಿರ ರೂಪಾಯಿ ಕೆರೆಗೆ ಹಾಕಿ ಕೂತಿರುವ
ಆಂಜಿನಪ್ಪ