ಎಲ್ಲರಿಗೂ ಒಂದೇ ಶೆಲ್

ಮಾರ್ಚ್ 3, ಸೋಮವಾರ

ಮತ್ತದೇ ಮೀಟಿಂಗ್. ನೀರು ಸರಬರಾಜು ಇಲಾಖೆಯ ಎಲ್ಲರ ಅಕೌಂಟೂ ಒಂದೇ ಸರ್ವರಿನಲ್ಲಿದೆ, ಡೀಫಾಲ್ಟ್ ಶೆಲ್ — ತಾವಾಗಿ ಬೇರೆ ಬರೆದುಕೊಳ್ಳದವರಿಗೆಲ್ಲ ಸಿಗುವುದು — ಮಾತ್ರ ಅಜ್ಜನ ಕಾಲದ್ದು. ಬದಲಿಸು ಅಂದರು ಬಾಸ್. ಯಾವುದು ಅಂತ ಆರಿಸುವ ತಲೆನೋವು ನನ್ನದು.

ಊಟಕ್ಕೆ ಭಾವ ಸಿಕ್ಕರು. ಪಂಪ್‌ಹೌಸ್ ಆಪರೇಟರ್. "ಶೆಲ್ ಅಂದ್ರೆ ಏನಯ್ಯಾ?"

"ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ್ಮೇಲೆ ನೀವು ಹೇಳಿದ್ದು ಕೇಳೋಕೆ ಒಬ್ಬ ಇರ್ಬೇಕಲ್ಲ ಭಾವ, ಅದೇ."

"ಓ, ನಿಮ್ಮಕ್ಕನ ಮುಂದೆ ನಾನಿದ್ದ ಹಾಗೆ!"

ನಕ್ಕು ನಕ್ಕು ನೆತ್ತಿಗೇರಿತು.

ಮಾರ್ಚ್ 5

ಹೊಸದನ್ನೇ ಆರಿಸಿದೆ. ಕಾರಣ ಅಂತ ಬಾಸ್‌ಗೆ ಒಂದು ಪುಟ ಬರೆದುಕೊಟ್ಟೆ. ನಿಜ ಏನೆಂದರೆ, ಹಳೆಯದು ಬೇಜಾರು ಬಂದಿತ್ತು.

ಮಾರ್ಚ್ 7, ಶುಕ್ರವಾರ

ಬದಲಿಸಿದೆ. ಎಲ್ಲ ಕಂಪ್ಯೂಟರಿಗೂ ಖುದ್ದು ಹೋಗಿ, ಲಾಗಿನ್ ಆಗಿ ನೋಡಿದೆ. ಕೊನೆಗೆ ಪಂಪ್‌ಹೌಸಿನ ಮುದುಕ — ನೀರಿನ ಗೇಟ್ ತಾನಾಗಿ ಮುಚ್ಚದಿದ್ದಾಗ ಅದನ್ನು ಮುಚ್ಚಿಸೋಕೆ ಮಾತ್ರ ಬೇಕಾಗುವ ಹಳೇ ಕಂಪ್ಯೂಟರ್. ಅದೂ ತಕರಾರಿಲ್ಲದೆ ಒಳಗೆ ಬಿಟ್ಟಿತು.

"ನಾನೂ ಒಂದ್ಸಲ ನೋಡ್ಲಾ?" ಅಂದರು ಭಾವ. ಶಿಫ್ಟ್ ಮುಗಿಸಿ ಹೊರಟಿದ್ದರು.

"ನಾನೇ ನೋಡಿದ್ನಲ್ಲ ಭಾವ. ಮನೆಗೆ ನಡೀರಿ."

ಎಲ್ಲ ಸರಿಯಿದೆ ಅಂತ ಮೇಲ್ ಹಾಕಿದೆ.

ಮಾರ್ಚ್ 10

ಭಾವ ಹೋದರು.

ಬೆಳಗಿನ ಶಿಫ್ಟ್. ಗೇಟ್ ಕಚ್ಚಿಕೊಂಡಿತಂತೆ. ನೀರು ಏರುತ್ತಿತ್ತು. ಲಾಗಿನ್ ಆಗಲಿಲ್ಲವಂತೆ. ಕೈಯಲ್ಲೇ ಮುಚ್ಚೋಣ ಅಂತ ಕಬ್ಬಿಣದ ಏಣಿ ಇಳಿದಿದ್ದಾರೆ. ಒದ್ದೆ ಏಣಿ...

ಮಾರ್ಚ್ 18

ಕೆಲಸಕ್ಕೆ ಬಂದೆ. ವಿಚಾರಣೆ ಆಗಲೇ ಅರ್ಧ ಮುಗಿದಿದೆ. ಪಾಸ್‌ವರ್ಡ್ ತಪ್ಪು ಹೊಡೆದಿದ್ದಾರೆ, ಬಹುಶಃ ಕುಡಿದಿದ್ದರು — ಇದು ವಿಚಾರಣೆಯವರ ತೀರ್ಮಾನ. ಭಾವ! ಕೆಮ್ಮಿನ ಔಷಧಿಗೂ ಮುಖ ಹಿಂಡುತ್ತಿದ್ದ ಮನುಷ್ಯ.

ಸಂಜೆ ಅಕ್ಕನ ಫೋನ್. ಶಾಲೆಯಲ್ಲಿ ಚಿನ್ನಿಗೆ ಕುಡುಕನ ಮಗಳು ಅಂದರಂತೆ.

"ಅವರ ಪಾಸ್‌ವರ್ಡ್ ಚಿನ್ನಿ ಹುಟ್ಟಿದ ದಿನ ಕಣೋ. ಅದನ್ನ ಮರೀತಾರೇನೋ?"

ಮಾರ್ಚ್ 19

ಪಂಪ್‌ಹೌಸಿಗೆ ಹೋಗಿ ಲಾಗ್ ತೆಗೆದೆ — ಲಾಗಿನ್‌ಗಳ ಲೆಕ್ಕ ಯಂತ್ರ ತಾನೇ ಬರೆದಿಡುವ ಪಟ್ಟಿ. ಪಾಸ್‌ವರ್ಡ್ ಸರಿ. ಶೆಲ್ ಇಲ್ಲ. ಹೊರಗೆ. ಮತ್ತೆ — ಸರಿ, ಇಲ್ಲ, ಹೊರಗೆ. ಪುಟದ ತುಂಬಾ ಅದೇ.

ಆ ಮುದುಕನಲ್ಲಿ ಹೊಸ ಶೆಲ್ ಇನ್‌ಸ್ಟಾಲ್ ಆಗಿಯೇ ಇಲ್ಲ; ಸರ್ವರ್ ಹೊಸದನ್ನೇ ಕೊಡು ಅಂದರೆ ಅದು ಎಲ್ಲಿಂದ ಕೊಟ್ಟೀತು? ಹಾಗಾದರೆ ನನ್ನನ್ನು ಹೇಗೆ ಬಿಟ್ಟಿತು? ನನ್ನ ಅಕೌಂಟು ತೆರೆದು ನೋಡಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹೆಸರಿನ ಮುಂದೆ ಹಳೇ ಶೆಲ್ ನಾನೇ ಬರೆದುಕೊಂಡಿದ್ದೆ. ಡೀಫಾಲ್ಟ್ ನನಗೆ ತಾಗುವುದೇ ಇಲ್ಲ. ಊರಿಗೆಲ್ಲ ಒಂದು, ನನಗೊಂದು. ಅದರಲ್ಲೇ ಎಲ್ಲ ಪರೀಕ್ಷೆ ಮಾಡಿ ಎದೆಯುಬ್ಬಿಸಿಕೊಂಡು ಬಂದೆ.

ಬಾಸ್‌ಗೆ ತೋರಿಸಿದೆ. ಬಾಗಿಲು ಹಾಕಿ ಬಂದು ಕೂತರು. "ಸತ್ತವರಿಗೆ ಹೆಸರು ಕಟ್ಕೊಂಡು ಏನಾಗ್ಬೇಕಿದೆ? ನಾಳೆ ಆ ಮಷಿನ್ ಗುಜರಿಗೆ ಹೋಗುತ್ತೆ. ನೀನು ಬದುಕ್ಕೋ."

ಹೇಸಿಗೆಯಾಯಿತು. ಒಂದು ಗಳಿಗೆ ಸಮಾಧಾನವೂ ಆಯಿತು — ಆ ಸಮಾಧಾನಕ್ಕೆ ಇನ್ನೂ ಹೇಸಿಗೆ.

ಮಾರ್ಚ್ 20

ಬೆಳಗ್ಗೆ ಯಂತ್ರ ಎತ್ತುವ ಮೊದಲೇ ಲಾಗ್ ಪ್ರಿಂಟ್ ತೆಗೆದುಕೊಂಡೆ. ನೇರ ಅಕ್ಕನ ಮನೆಗೆ. ಬಾಗಿಲು ತೆಗೆದದ್ದು ಚಿನ್ನಿ.

"ಮಾವ, ಅಪ್ಪ ಕುಡಿದಿದ್ರಾ?"

"ಇಲ್ಲ ಕಂದಾ."

ಅಕ್ಕನಿಗೆ ಒಂದೊಂದೇ ಸಾಲು ಬೆರಳಿಟ್ಟು ತೋರಿಸಿದೆ. ಪಾಸ್‌ವರ್ಡ್ ಸರಿ, ಸರಿ, ಸರಿ. ಹಾಳೆಯನ್ನು ಎದೆಗವಚಿಕೊಂಡು ಅತ್ತಳು. ನನ್ನ ಕೈ ಹಿಡಿದುಕೊಂಡಳು. "ನೀನೊಬ್ಬನಾದ್ರೂ ಇದ್ದೀಯಲ್ಲೋ ನಮ್ಗೆ."

ಕಣ್ಣೊರೆಸಿಕೊಂಡಳು. ಕೈ ಬಿಡಲಿಲ್ಲ.

"ಹಾಗಾದ್ರೆ ಇದನ್ನ ಹೀಗೆ ಮಾಡಿಟ್ಟಿದ್ದು ಯಾರೋ?"

"ನಾನು," ಅಂದೆ.