ನಿರಾಭಾರಿಗೆ ಒಂದು ತೂತು

ನವೆಂಬರ್ 9, ಭಾನುವಾರ. ಬೆಳಿಗ್ಗೆ 11-30

ಬೆರಳಿನ ಟೇಪು ಬಿಚ್ಚಿದೆ. ಬಲಗೈ ತೋರುಬೆರಳಿನ ಚರ್ಮ ಮತ್ತೆ ಕಿತ್ತಿದೆ. ಹಗ್ಗ ನೆರಳಿಗೆ ಹಾಕಿದೆ. ಸ್ನಾನ ಆಯಿತು. ಎಲ್ಲ ಪ್ರತಿ ಭಾನುವಾರದಂತೆಯೇ... ಬೆಣ್ಣೆದೋಸೆ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದೊಂದು ಬಿಟ್ಟರೆ. ದಾವಣಗೆರೆಯಲ್ಲಿ ಹುಟ್ಟಿದವನು ಬೆಣ್ಣೆದೋಸೆಯನ್ನು ಅರ್ಧಕ್ಕೆ ಬಿಡುತ್ತಾನೆ ಎಂದರೆ ಕಾರಣ ಸಣ್ಣದಲ್ಲ.

ಕಾರಣದ ಹೆಸರು ಅಂಜನ್. ಹರಿಹರದ ಕಾರ್ಖಾನೆಯೊಂದರಲ್ಲಿ ಮೆಷಿನಿಸ್ಟ್. ನಮ್ಮ ಜೊತೆ ಬಂಡೆ ಹತ್ತಲು ಬಂದು ಎರಡೇ ವರ್ಷ. ಇವತ್ತು ಬ್ಯಾಗಿನಿಂದ ಬ್ಯಾಟರಿ ಡ್ರಿಲ್ ತೆಗೆದು ನಾವು ಹತ್ತುವ ಬಂಡೆ ಬೋಳಗಲ್ಲಿನ ಬುಡದಲ್ಲಿ ಇಟ್ಟ. ಆಯುಧಪೂಜೆಗೆ ಇಟ್ಟ ಹಾಗೆ.

"ಪ್ರಭಣ್ಣ, ನಿರಾಭಾರಿಗೆ ಒಂದೇ ಒಂದು ಬೋಲ್ಟು. ಹ್ಞೂಂ ಅಂದ್ಬಿಡ್ರಿ."

ನಿರಾಭಾರಿ ನನ್ನ ದಾರಿ. ಗುತ್ತೂರಿನಾಚೆಯ ಆ ಬಂಡೆಯನ್ನು ಆ ಕಡೆಯಿಂದ ಹನ್ನೊಂದು ವರ್ಷದ ಹಿಂದೆ ಮೊದಲು ಹತ್ತಿದವನು ನಾನು. ಯಾವ ಭಾರವನ್ನೂ ಹೊರದ ವಿರಕ್ತ ಎಂದು ಹೆಸರಿಟ್ಟವನೂ ನಾನು. ಅರ್ಧದವರೆಗೆ ಬಿರುಕಿದೆ. ಅದರಲ್ಲಿ ಲೋಹದ ಬೆಣೆ ಸಿಕ್ಕಿಸಿ ಹಗ್ಗ ಹಾಕುತ್ತೇವೆ, ಆಮೇಲೆ ಬೆಣೆ ಕಿತ್ತುಕೊಂಡು ಬರುತ್ತೇವೆ, ಕಲ್ಲಿಗೆ ಒಂದು ಗೀರೂ ಇಲ್ಲ. ಬಿರುಕು ಮುಗಿದ ಕಡೆ ಒಂದು ಜಗಲಿ. ಜಗಲಿಯಿಂದ ಮೇಲಕ್ಕೆ ಬರೀ ನಾಲ್ಕು ಕುಳಿ, ಎರಡೆರಡು ಬೆರಳು ಹಿಡಿಸುವಷ್ಟು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಉದ್ದನೆಯ ಬೋಳು. ಅಲ್ಲಿ ಕೈ ಜಾರಿದರೆ ಹಗ್ಗ ಹಿಡಿಯುವ ಮೊದಲೇ ಜಗಲಿ ಹಿಡಿಯುತ್ತದೆ. ಅದೇ ಆ ದಾರಿಯ ಗೌರವ.

ಅಲ್ಲಿ ಇವನು ಕಲ್ಲು ಕೊರೆದು, ಶಾಶ್ವತವಾಗಿ ಕಬ್ಬಿಣ ಕೂರಿಸಿ, ಜಾರಿದವರೆಲ್ಲ ತೊಟ್ಟಿಲಿನ ಹಾಗೆ ಜೋತಾಡಲಿ ಎನ್ನುತ್ತಾನೆ!

ನಮ್ಮ ನಾಲ್ಕು ಜನರ ಸಂಘಕ್ಕೆ ಇರುವುದು ಒಂದೇ ನಿಯಮ. ಮೊದಲು ಹತ್ತಿದವರು ಒಪ್ಪದೆ ಯಾವ ದಾರಿಗೂ ತೂತು ಹಾಕುವಂತಿಲ್ಲ. ಒಪ್ಪಲಿಲ್ಲ. ಹೋಟೆಲಿನಲ್ಲಿ ಮತ್ತೆ ಅದೇ ರಾಗ ತೆಗೆದ. ಎದ್ದು ಬಂದೆ. ಉಳಿದರ್ಧ ದೋಸೆ ಅವನೇ ತಿಂದನಂತೆ.

ನವೆಂಬರ್ 10, ಸೋಮವಾರ

ಅಂಗಡಿ. ಬೆಳಿಗ್ಗೆಯಿಂದ ಗಿರಾಕಿಗಳ ಜೊತೆ ಮಾತು ಬೇಡವಾಗಿತ್ತು. ಮಧ್ಯಾಹ್ನ ಬುತ್ತಿ ತಂದ ಮನೆಯವಳಿಗೆ ಎಲ್ಲ ಹೇಳಿದೆ. ಕಲ್ಲಿಗೂ ಒಂದು ಮಾನವಿದೆ, ಕೋಟಿ ವರ್ಷದಿಂದ ನಿಂತ ಜೀವ ಅದು, ಮನುಷ್ಯ ತನ್ನ ಹೆದರಿಕೆಗೆ ಅದರ ಎದೆ ಕೊರೆಯಬಾರದು... ಒಳ್ಳೆಯ ಓಟದಲ್ಲಿದ್ದೆ.

ಅವಳು ಸುತ್ತ ಒಮ್ಮೆ ನೋಡಿದಳು. ಡ್ರಿಲ್ ಬಿಟ್ಟುಗಳ ಡಬ್ಬಿ, ಗೋಡೆಗೆ ಹೊಡೆಯುವ ಪ್ಲಗ್ಗು, ಟವೆಲ್ ರಾಡು.

"ಮಂದಿ ಬಚ್ಚಲ ಗೋಡಿಗೆಲ್ಲ ತೂತು ಹೊಡ್ಸಿ ಮನಿ ನಡ್ಸೋರು ನೀವು. ಆ ಗೋಡಿಗೆ ಮಾನ ಇಲ್ಲೇನ್ರೀ?"

ಟೈಲ್ಸು ಬೇರೆ, ಬಂಡೆ ಬೇರೆ. ಇದನ್ನು ವಿವರಿಸುವಷ್ಟರಲ್ಲಿ ಅವಳು ಬುತ್ತಿ ಡಬ್ಬಿ ಸಮೇತ ಹೋಗಿದ್ದಳು. ನಾನಿನ್ನೂ ಮಜ್ಜಿಗೆ ಅನ್ನಕ್ಕೆ ಬಂದಿರಲಿಲ್ಲ.

ನವೆಂಬರ್ 13, ಗುರುವಾರ

ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಯುದ್ಧ. ಮೂರು ದಿನದಿಂದ. ಅಂಜನ್ ಮತಕ್ಕೆ ಹಾಕೋಣ ಎಂದ. ಧರ್ಮದ ಪ್ರಶ್ನೆಯನ್ನು ಮತಕ್ಕೆ ಹಾಕುವುದಿಲ್ಲ ಎಂದೆ. "ಇದು ಸರ್ವಾಧಿಕಾರ" ಎಂದು ಬರೆದ. ಕಳೆದ ಚುನಾವಣೆಯಲ್ಲಿ ನೀನು ಯಾರಿಗೆ ಹಾಕಿದೆ, ನನಗೆ ಗೊತ್ತು ಎಂದೆ. ಅಲ್ಲಿಂದ ಹಳಿ ತಪ್ಪಿತು.

"ನಿಮ್ಮೋರು ಗೆದ್ದ ಮ್ಯಾಲೆ ಎಂಸಿಸಿ ಬಿ ಬ್ಲಾಕಿನ ರಸ್ತಿ ತುಂಬ ತೂತು ಬಿದ್ದಾವಲ್ಲ ಪ್ರಭಣ್ಣ, ಅದಕ್ಕೆ ಯಾರ ಒಪ್ಪಿಗಿ ತಗಂಡಿದ್ರು?"

ಉತ್ತರವಾಗಿ ದಾವಣಗೆರೆಯ ಘನತೆಯ ಬಗ್ಗೆ ಬರೆದೆ. ರಾಜ್ಯದ ನಟ್ಟನಡುವೆ ಇರುವ ಊರು, ನ್ಯಾಯವಾಗಿ ರಾಜಧಾನಿ ಆಗಬೇಕಿದ್ದ ಊರು. ಇದಕ್ಕೂ ಬೋಲ್ಟಿಗೂ ಏನು ಸಂಬಂಧ ಎಂದು ಈಗ ಹೊಳೆಯುತ್ತಿಲ್ಲ. ಆಗ ಹೊಳೆದಿತ್ತು. ಹರಿಹರದ ಅಬ್ದುಲ್ ರಹೀಮ, ನನ್ನ ವಯಸ್ಸಿನವನು, ಮೂವತ್ತು ವರ್ಷದ ಗೆಳೆಯ, ವಾಯ್ಸ್ ಮೆಸೇಜ್ ಕಳಿಸಿದ:

"ಜಿಲ್ಲಾ ಕೊಟ್ರು ನಿಮಗೆ. ನಾವು ನೂರು ವರ್ಷಕ್ಕೂ ತಾಲ್ಲೂಕೇ. ಈಗ ರಾಜಧಾನಿನೂ ಬೇಕೇನೋ ಪ್ರಭು? ಮೊದ್ಲು ಆ ಹುಡುಗಿಗೆ ಒಂದು ಬೋಲ್ಟು ಕೊಡು."

ಆ ಹುಡುಗಿ ಬಿಂದು. ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ. ನಮ್ಮ ನಾಲ್ವರಲ್ಲಿ ನಿಜವಾಗಿ ಹತ್ತಲು ಬರುವುದು ಅವಳಿಗೊಬ್ಬಳಿಗೆ. ನಿರಾಭಾರಿ ಹತ್ತಬೇಕೆಂದು ಒಂದು ವರ್ಷದಿಂದ ಕಾದಿದ್ದಾಳೆ. ಇಷ್ಟು ಗದ್ದಲದಲ್ಲಿ ಒಂದಕ್ಷರ ಬರೆದಿಲ್ಲ. ಸಂಸ್ಕಾರವಂತೆ.

ನವೆಂಬರ್ 16, ಭಾನುವಾರ. ಮಧ್ಯಾಹ್ನ

ಬಂಡೆಯ ಬುಡದಲ್ಲಿ ಮಂಡಕ್ಕಿ-ಮಿರ್ಚಿ ಬಿಚ್ಚಿಕೊಂಡು ಮಹಾಸಭೆ.

ಮೊದಲು ಸಂಗೀತದ ಜಗಳ. ಅಂಜನ್ ಸ್ಪೀಕರಿನಲ್ಲಿ ಧಡ್ ಧಡ್ ಎನ್ನುವುದನ್ನು ಹಾಕಿದ. ಮುಂಜಾನೆ ಹೊತ್ತಿಗೆ ಭೈರವ ರಾಗ ಬಿಟ್ಟು ಬೇರೇನೂ ಕೇಳಬಾರದು ಎಂದು ರಹೀಮ ಅದರ ಕತ್ತು ಹಿಚುಕಿದ.

"ಬೀಟ್ ಇಲ್ದೆ ನನ್ನ ಕಾಲು ಏಳಲ್ಲ ರಹೀಮಣ್ಣ."

"ನಿನ್ನ ಕಾಲು ಬೀಟ್ ಇದ್ರೂ ಏಳಲ್ಲ ಬಿಡು. ಹೋದ್ವಾರ ನೋಡಿದ್ನಲ್ಲ."

ಅಂಜನ್ ಮಾತು ತಿರುಗಿಸಿದ. "ಪ್ರಭಣ್ಣ, ಬೋಲ್ಟು ಅಂದ್ರೆ ಶ್ರುತಿಪೆಟ್ಟಿಗಿ ಇದ್ದಂಗ್ರಿ. ಹಾಡೋದು ನಾವೇ. ಅದು ಸುಮ್ನೆ ಹಿಂದೆ ಇರ್ತೈತೆ."

"ಶ್ರುತಿಪೆಟ್ಟಿಗೆಯಲ್ಲ. ಅಪಸ್ವರ ಹಾಡಿದರೂ ತಾನೇ ತಿದ್ದಿ ಕೊಡುವ ಮೆಷಿನ್ನು."

ರಹೀಮನೂ ಮೆಚ್ಚಿದ ಹಾಗೆ ತಲೆಯಾಡಿಸಿದ. ಗೆದ್ದೆ ಎಂದುಕೊಂಡೆ. ಕಲ್ಲು ತಾನಾಗಿ ಕೊಟ್ಟಿದ್ದನ್ನು ಮಾತ್ರ ಹಿಡಿಯಬೇಕು, ಮೇಲಿನ ಆ ನಾಲ್ಕು ಕುಳಿ ಗಾಳಿ-ಮಳೆಯ ಪ್ರಸಾದ, ನಡುವಿನ ಆ ಬೋಳು ಮನುಷ್ಯನ ಪರೀಕ್ಷೆಗೆಂದೇ ಪ್ರಕೃತಿ ಬಿಟ್ಟ ಜಾಗ ಎಂದು ಇನ್ನೂ ಐದು ನಿಮಿಷ ಹೇಳಿದೆ.

ಆಗ ಬಿಂದು ಮಿರ್ಚಿಯ ತೊಟ್ಟು ಕೆಳಗಿಟ್ಟು ಬಾಯಿ ಬಿಟ್ಟಳು. "ಆತು ಪ್ರಭಣ್ಣ. ಬೋಲ್ಟು ಬ್ಯಾಡ. ನೀವು ಹೆಂಗೆ ಹತ್ತಿದ್ರೋ ನಾನೂ ಹಂಗೇ ಹತ್ತತೀನಿ. ಮೂವತ್ತನೇ ತಾರೀಕು. ಹಗ್ಗ ನೀವೇ ಹಿಡೀರಿ."

ಎಲ್ಲರೂ ನನ್ನನ್ನು ನೋಡಿದರು. ಭೇಷ್ ಎಂದೆ. ಬೇರೇನು ಹೇಳಲು ಬರುತ್ತಿತ್ತು? ವಾದದಲ್ಲಿ ಎದುರಾಳಿ ಒಪ್ಪಿಬಿಡುವಂಥ ಮೋಸ ಇನ್ನೊಂದಿಲ್ಲ.

ನವೆಂಬರ್ 17, ಸೋಮವಾರ

ಸ್ಟಾಕ್ ನೋಡಿದೆ. ಅರ್ಧ ಇಂಚಿನ ನಲ್ಲಿ ಎರಡು ಸಲ ಎಣಿಸಿದೆ, ಎರಡು ಸಲ ಬೇರೆ ಬೇರೆ ಬಂತು.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಹನ್ನೊಂದು ವರ್ಷದ ಹಿಂದೆ ಆ ಬೋಳಿನಲ್ಲಿ ನನ್ನ ಕಾಲು ಹೊಲಿಗೆ ಮೆಷಿನ್ನಿನ ಹಾಗೆ ನಡುಗಿತ್ತು. ಧೈರ್ಯದಿಂದ ಮುಂದೆ ಹೋಗಿದ್ದಲ್ಲ. ಹಿಂದೆ ಇಳಿಯಲು ಬರಲಿಲ್ಲ. ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಕೆ ಕಟ್ಟಿಕೊಂಡು ಕಣ್ಣು ಮುಚ್ಚಿ ಕೈ ಚಾಚಿದ್ದೆ. ಕುಳಿ ಸಿಕ್ಕಿತು. ಆಮೇಲೆ ಎರಡನೆಯ ಸಲ ಆ ಕಡೆಯಿಂದ ಹತ್ತಿಲ್ಲ. ಮೊಣಕಾಲು ನೋವು ಎಂದು ಎಲ್ಲರಿಗೂ ಹೇಳಿದ್ದೇನೆ.

ಬಿಂದು ನನಗಿಂತ ಚೆನ್ನಾಗಿ ಹತ್ತುತ್ತಾಳೆ. ಆದರೆ ಕುಳ್ಳಿ. ನನ್ನ ಕೈ ಮುಟ್ಟಿದ ಕಡೆ ಅವಳ ಕೈ ಮುಟ್ಟುತ್ತದೆಯೋ ಇಲ್ಲವೋ...

ನವೆಂಬರ್ 23, ಭಾನುವಾರ

ಬಂಡೆಗೆ ಹೋಗಲಿಲ್ಲ. ನೆಗಡಿ ಎಂದೆ. ನೆಗಡಿ ಇಲ್ಲ.

ನವೆಂಬರ್ 27, ಗುರುವಾರ. ಸಂಜೆ 5

ಗುತ್ತೂರಿನಲ್ಲಿ ಹೊಸ ಮನೆಗೆ ಸಿಂಕು ತಲುಪಿಸುವುದಿತ್ತು. ತಲುಪಿಸಿ ಗಾಡಿ ಬೋಳಗಲ್ಲಿನ ಕಡೆ ತಿರುಗಿಸಿದೆ. ಸುಮ್ಮನೆ. ಕೆಳಗೆ ನಿಂತು ಆ ಬೋಳನ್ನು ನೋಡುತ್ತಿದ್ದೆ. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಪಕ್ಕಕ್ಕೆ ಬಂದು ತಾನೂ ಮೇಲೆ ನೋಡಿದಳು. ಗಿರಿಯಮ್ಮನಂತೆ. ಎಂಬತ್ತರ ಆಸುಪಾಸು.

"ಏನ್ ಹುಡುಕ್ತೀರಿ ಸಾವ್ಕಾರ್ರೇ? ಈಗ ಹೆಜ್ಜೇನು ಕಟ್ಟಲ್ಲ ಅಲ್ಲಿ."

ಜೇನಲ್ಲ ಅಜ್ಜಿ, ಆ ಕುಳಿ ನೋಡುತ್ತಿದ್ದೇನೆ ಎಂದೆ. ನಿಸರ್ಗ ಎಷ್ಟು ಅಂದವಾಗಿ ಮಾಡಿದೆ ನೋಡು ಎಂದೂ ಸೇರಿಸಿದೆ. ಸುಮ್ಮನಿರಬಾರದಿತ್ತೇ ನಾನು?

"ಯಾರು ಮಾಡಿದ್ದು? ನಮ್ಮ ಯಜಮಾನ್ರು ಹೊಡ್ದಿದ್ದು ಅವು! ಉಳೀಲೆ. ನನ್ನ ಮದ್ವಿ ಆದ ವರ್ಷ."

ಜೇನು ಕೀಳಲು ಮೇಲಿಂದ ಹಗ್ಗದಲ್ಲಿ ಇಳಿದು ತೂತು ಹೊಡೆದು, ಅದಕ್ಕೆ ಮರದ ಗೂಟ ಬಡಿದು, ಮೆಟ್ಟಿಲಿನ ಹಾಗೆ ಹತ್ತುತ್ತಿದ್ದರಂತೆ. ಇಳಿಯುವಾಗ ಗೂಟ ಕಿತ್ತುಕೊಂಡು ಬರುತ್ತಿದ್ದರಂತೆ. ನಾಲ್ಕೂ ಒಂದೇ ಅಳತೆ ಇವೆಯಲ್ಲೋ ಎಂದು ರಹೀಮ ಒಮ್ಮೆ ಕೇಳಿದ್ದ. ಗಾಳಿಯ ಲಯದ ಬಗ್ಗೆ ಅವನಿಗೆ ಅರ್ಧ ಗಂಟೆ ಪಾಠ ಮಾಡಿದ್ದೆ.

"ಹಂಗಾದ್ರೆ ನಡುವೆ ಅಷ್ಟು ಜಾಗ ಯಾಕೆ ಬಿಟ್ರಿ ಅಜ್ಜಿ?"

"ಬಿಡ್ಲಿಲ್ಲ. ಅಲ್ಲೊಂದು ಬೇಕಿತ್ತು. ಕಲ್ಲು ಗಟ್ಟಿ, ಉಳಿ ಮುರೀತು. ಕುಲುಮಿಗೆ ಒಯ್ಯಾಕೆ ಪುರ್ಸೊತ್ತಾಗ್ಲಿಲ್ಲ. ಜೇನಿನ ಕಾಲ ಬಂದ್ಬಿಡ್ತು, ಇದ್ದಷ್ಟರಾಗೇ ಹತ್ತಿದ್ವಿ."

ಮನುಷ್ಯನ ಪರೀಕ್ಷೆಗೆಂದು ಪ್ರಕೃತಿ ಬಿಟ್ಟ ಜಾಗ! ಉಳಿ ಮುರಿದ ಜಾಗ!

"ಹತ್ತಿದ್ವಿ ಅಂದ್ರೆ... ನೀನೂ?"

"ಕೆಳಗಿಂದ ಮೊದ್ಲು ಹತ್ತಿದ್ದೇ ನಾನು. ಅವರು ದಪ್ಪ ಇದ್ರು. ಗೂಟ ತಡೀತಾವೋ ಇಲ್ಲೋ ನೋಡು ಅಂತ ನನ್ನ ಕಳ್ಸಿದ್ರು." ನಕ್ಕಳು. ಹಲ್ಲಿಲ್ಲ. ಆಮೇಲೆ ಜಗಲಿಯ ಕಡೆ ಕೋಲು ತೋರಿಸಿದಳು. "ಮರುವರ್ಷ ನಮ್ಮ ಮೈದ್ನ ಹತ್ತಿದ. ಆ ಬಿಟ್ಟ ಜಾಗದಾಗೇ ಕೈ ಜಾರ್ತು. ಅಲ್ಲಿ ಬಿದ್ದ. ಸೊಂಟ ಹೋತು. ಸಾಯಾವರ್ಗೂ ಕುಂತಲ್ಲೇ ಬೀಡಿ ಕಟ್ಟಿದ."

ನವೆಂಬರ್ 28, ಶುಕ್ರವಾರ. ಬೆಳಿಗ್ಗೆ 6

ಯಾರ ಮೇಲೆ ಸಿಟ್ಟು ಮಾಡುವುದು ಎಂದು ನಿನ್ನೆಯಿಂದ ಹುಡುಕುತ್ತಿದ್ದೇನೆ. ಗಿರಿಯಮ್ಮನ ಮೇಲೆ ಬಂತು, ನಿಲ್ಲಲಿಲ್ಲ. ಉಳಿ ಮಾಡಿದ ಕಮ್ಮಾರನ ಮೇಲೆ ಸ್ವಲ್ಪ ಇದೆ. ಹನ್ನೊಂದು ವರ್ಷ ಕಣ್ಣಿಗೊತ್ತಿಕೊಂಡ ಪ್ರಸಾದ ಯಾರೋ ದಂಪತಿಗಳ ಏಣಿ. ಅದೂ ಒಂದು ಮೆಟ್ಟಿಲು ಕಮ್ಮಿ ಇರುವ ಏಣಿ.

ಹೇಳದೆ ಇರಬಹುದು. ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಬಿಂದು ಹತ್ತಿದರೂ ಹತ್ತಬಹುದು. ನಾನು ಹತ್ತಿರಲಿಲ್ಲವೇ?

ಕುಂತಲ್ಲೇ ಬೀಡಿ ಕಟ್ಟಿದ ಎಂದಳಲ್ಲ ಆ ಮುದುಕಿ. ಹವಾಮಾನ ಹೇಳಿದಷ್ಟು ಸಲೀಸಾಗಿ.

6-40. ಅಂಜನ್‌ಗೆ ಫೋನ್ ಮಾಡಿದೆ. "ನಾಳೆ ಡ್ರಿಲ್ ತಗೊಂಡು ಬಾ. ಏನೂ ಕೇಳಬೇಡ."

"ಪ್ರಭಣ್ಣ, ಆರಾಮಿದೀರಿಲ್ರೀ? ಅಕ್ಕಾರಿಗೆ ಕೊಡ್ರಿ ಫೋನು."

ಇಟ್ಟುಬಿಟ್ಟೆ. ಉದ್ಧಟ.

ನವೆಂಬರ್ 29, ಶನಿವಾರ. ಸಂಜೆ

ಮೂವರನ್ನೂ ಕರೆಸಿ ಎಲ್ಲ ಹೇಳಿದೆ. ಬಂಡೆಯ ಬುಡದಲ್ಲಿ, ಗಿರಿಯಮ್ಮನ ಎದುರಿಗೇ. ಕುಳಿ, ಉಳಿ, ಮೈದುನ. ನನ್ನ ಮೊಣಕಾಲಿನ ಸತ್ಯವನ್ನೂ ಹೇಳಿದೆ. ರಹೀಮ ಮಾತ್ರ ಗಾಳಿಯ ಲಯದ ಪಾಠ ಇನ್ನೊಮ್ಮೆ ಮಾಡು ಎಂದ. ಮೂವತ್ತು ವರ್ಷದ ಗೆಳೆತನ ಅಲ್ಲಿಗೆ ಸ್ವಲ್ಪ ಅಲುಗಾಡಿತು.

ನಿಯಮ ನಿಯಮವೇ. ಮೊದಲು ಹತ್ತಿದವರ ಒಪ್ಪಿಗೆ ಬೇಕು. ಅಂಜನ್ ಕೈ ಕಟ್ಟಿಕೊಂಡು ಗಿರಿಯಮ್ಮನ ಮುಂದೆ ನಿಂತು ಕೇಳಿದ. ನನ್ನ ಮುಂದೆ ಹಾಗೆ ಒಂದು ದಿನ ನಿಂತಿಲ್ಲ.

"ಅಜ್ಜಿ, ಅಲ್ಲೊಂದು ತೂತು ಹೊಡೀಲೇನು?"

"ಅದನ್ನೇನು ಕೇಳ್ತೀಯೋ ಯಪ್ಪಾ. ನಾವು ಅರ್ಧಕ್ಕೆ ಬಿಟ್ಟ ಕೆಲ್ಸ. ಹೊಡಿ."

ಹೊಡೆದದ್ದು ನಾನು. ಮೇಲಿಂದ ಹಗ್ಗದಲ್ಲಿ ಇಳಿದೆ, ಅಂಜನ್ ಹಿಡಿದ. ಅವನ ಕೈಗೆ ಕೊಟ್ಟರೆ ಸೊಟ್ಟ ಕೊರೆಯುತ್ತಾನೆ ಎಂದು ನೆಪ ಹೇಳಿದೆ. ಕಲ್ಲು ನಿಜಕ್ಕೂ ಗಟ್ಟಿ. ಬ್ಯಾಟರಿ ಎರಡು ಸಲ ಬದಲಾಯಿಸಿದೆ. ಕಣ್ಣು, ಮೂಗು, ಬಾಯಿ ತುಂಬ ಕಲ್ಲಿನ ಪುಡಿ. ಹತ್ತಿರದಿಂದ ನೋಡಿದರೆ ಬೋಳಿನ ನಟ್ಟನಡುವೆ ಉಗುರಿನಷ್ಟು ಹಳೆಯ ಕಚ್ಚು, ಉಳಿ ತಾಗಿ ಮುರಿದ ಗುರುತು. ಅದರ ಪಕ್ಕಕ್ಕೇ ಕೂರಿಸಿದೆ. ಬೋಲ್ಟು ತಿರುಗಿಸಿ ಎಳೆದು ನೋಡಿದೆ. ಪೂರ್ತಿ ಜೋತುಬಿದ್ದು ನೋಡಿದೆ. ತಡೆಯಿತು.

ಎಷ್ಟು ಹೊತ್ತು ಜೋತುಬಿದ್ದಿದ್ದೆನೋ. "ಪ್ರಭಣ್ಣ, ತೊಟ್ಲು ತೂಗ್ಲೇನ್ರೀ?" ಎಂದು ಮೇಲಿಂದ ಕೂಗಿದ.

ನವೆಂಬರ್ 30, ಭಾನುವಾರ. ಮಧ್ಯಾಹ್ನ 1

ಸ್ನಾನಕ್ಕೂ ಹೋಗದೆ ಬರೆಯಲು ಕೂತಿದ್ದೇನೆ. ಭಯಕ್ಕಲ್ಲ. ಸಿಟ್ಟಿಗೆ.

ಬಿಂದು ಹತ್ತಿದಳು. ಹಗ್ಗ ನಾನು ಹಿಡಿದಿದ್ದೆ. ಬಿರುಕು ದಾಟಿದಳು, ಜಗಲಿ ದಾಟಿದಳು, ಒಂದು, ಎರಡು... ಬೋಲ್ಟಿನ ಎದುರಿಗೆ ಬಂದಳು. ಮೂಗಿನ ನೇರಕ್ಕೆ ಇತ್ತು. ಹೊಳೆಯುತ್ತಿತ್ತು. ಒಂದು ಕ್ಲಿಪ್ ಹಾಕಿ ಹಗ್ಗ ಸಿಕ್ಕಿಸಿದರೆ ಮುಗಿಯಿತು. ಎರಡು ಸೆಕೆಂಡಿನ ಕೆಲಸ.

ನೋಡಿದಳು. ಹಾಕಲಿಲ್ಲ. ಪಾದ ಎತ್ತರಕ್ಕೆ ಇಟ್ಟು, ಮೈ ಪೂರ್ತಿ ಚಾಚಿ, ಮೂರನೆಯ ಕುಳಿಗೆ ಹೋದಳು.

"ಹಾಕಮ್ಮಾ! ಕ್ಲಿಪ್ ಹಾಕಮ್ಮಾ!" ನಾನು ಕೂಗಿದ್ದು ಗುತ್ತೂರಿಗೆ ಕೇಳಿಸಿರಬೇಕು. ಗಿರಿಯಮ್ಮನ ಆಡು ಚದುರಿಹೋದವು.

ತುದಿ ಮುಟ್ಟಿ ಕೆಳಗೆ ಬಂದಳು. ಮುಖದ ತುಂಬ ನಗು. "ಅಲ್ಲಿ ಒಂದು ಕೈ ಬಿಟ್ಟು ಕ್ಲಿಪ್ ಹಾಕಾದ್ಕಿಂತ ದಾಟಿ ಹೋಗಾದೇ ಸಲೀಸು ಅನ್ನಿಸ್ತು ಪ್ರಭಣ್ಣ. ಬೋಲ್ಟು ಐತಲ್ಲ ಅನ್ನೋ ಧೈರ್ಯಕ್ಕೇ ಹೋಗ್ಬಿಟ್ಟೆ."

ಇದ್ದರೆ ಸಾಕಂತೆ. ಹಾಕಬೇಕಿಲ್ಲವಂತೆ! ಹಾಗಾದರೆ ನಿನ್ನೆ ನಾನು ಕಲ್ಲಿನ ಪುಡಿ ನುಂಗಿದ್ದು ಯಾವ ಪುರುಷಾರ್ಥಕ್ಕೆ?

ಗ್ರೂಪಿಗೆ ಎರಡನೆಯ ನಿಯಮ ಬರೆಯುತ್ತಿದ್ದೇನೆ. ಕರಡು: ಬೋಲ್ಟು ಇರುವ ಕಡೆ ಹಗ್ಗ ಸಿಕ್ಕಿಸದೆ ಮುಂದೆ ಹೋಗುವುದು ಕಲ್ಲಿಗೂ, ಹಿರಿಯರಿಗೂ, ಮುಖ್ಯವಾಗಿ ಕೆಳಗೆ ಹಗ್ಗ ಹಿಡಿದು ಉಸಿರು ಬಿಗಿಹಿಡಿದು ನಿಂತವನಿಗೂ ಮಾಡುವ ಅವಮಾನ. ಇದು ಧರ್ಮದ ಪ್ರಶ್ನೆ. ಮತಕ್ಕೆ ಹಾಕುವುದಿಲ್ಲ. ಮೀರಿದವರನ್ನು —

ಅಂಜನ್ ಫೋನ್ ಮಾಡುತ್ತಿದ್ದಾನೆ. ನಗುವುದಕ್ಕೇ ಮಾಡುತ್ತಿದ್ದಾನೆ, ಗೊತ್ತು. ಎತ್ತುವುದಿಲ್ಲ.

ಮೀರಿದವರನ್ನು ಕಡೇಪಕ್ಷ ಒಂದು ತಿಂಗಳು